ಊರಿನ ದಾರಿಯಲ್ಲಿ ಸಿಂಹ

‘ಹೇಗೂ ಊರಿಗೆ ಹೋಗ್ತೀವಲ್ಲ, ದಾರೀಲಿ ಕೀನ್ಯಾ ನೋಡ್ಕೊಂಡು ಹೋಗೋಣ’ ಎಂದು ಲಂಡನ್ನಿನ ಕನ್ನಡ ಮನೆಯೊಂದರಲ್ಲಿ ಯಾರಾದರೂ ಬಾಯಿಬಿಟ್ಟರೆ ಆ ಸಫಾರಿ ಅಲ್ಲಿಗೇ ಕೆಟ್ಟಿತೆನ್ನಬಹುದು. ಧರ್ಮಸ್ಥಳಕ್ಕೆ ಹೊರಟವರು ಸುಬ್ರಹ್ಮಣ್ಯವನ್ನೂ ಮುಗಿಸಿಕೊಂಡು ಬರುವ ಲೆಕ್ಕ ನೈರೋಬಿಗೆ ಒಗ್ಗುವುದಿಲ್ಲ. ಈ ಲೆಕ್ಕಕ್ಕೂ ಬಲವಿದೆ, ಒಪ್ಪೋಣ. ಇಂಗ್ಲೆಂಡಿನ ಶಾಲೆಗಳಿಗೆ ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ರಜೆ. ವೈಲ್ಡ್‌ಬೀಸ್ಟ್ ಹಿಂಡುಗಳು ಮಸಾಯ್ ಮಾರಾಕ್ಕೆ ಬಂದು ಮೊಸಳೆಗಳ ನಡುವೆ ನದಿ ದಾಟುವುದೂ ಜುಲೈ–ಅಕ್ಟೋಬರಿನಲ್ಲೇ. ಆದರೆ ಮಾರಾದವರೂ ಕ್ಯಾಲೆಂಡರ್ ನೋಡಬಲ್ಲರು: 2024ರಿಂದ ವಿದೇಶಿ ವಯಸ್ಕರಿಗೆ ದಿನದ ಪ್ರವೇಶ ಶುಲ್ಕ ಜೂನ್‌ವರೆಗೆ 100 ಡಾಲರ್, ಜುಲೈ ಹುಟ್ಟಿದರೆ 200.

ದುಡ್ಡು ಹೋಗಲಿ, ಪೆಟ್ಟಿಗೆಗಳ ಗತಿಯೇನು? ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಮಾರಾಕ್ಕೆ ಹಾರುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ ತಲೆಗೆ 15 ಕೆ.ಜಿ., ಅದೂ ಮೆತ್ತನೆಯ ಬ್ಯಾಗಿನಲ್ಲಿ. ಊರಿಗೆ ಹೊರಟವರದು ತಲೆಗೆರಡು ಗಟ್ಟಿ ಸೂಟ್‌ಕೇಸು: ಅತ್ತಿಗೆಗೆ ಸೆಂಟು, ಚಿಕ್ಕಪ್ಪನಿಗೆ ಬಿ.ಪಿ. ನೋಡುವ ಯಂತ್ರ, ಮದುವೆಗೆ ರೇಷ್ಮೆ ಸೀರೆ, ಯಾರಾದರೂ ಮನೆಗೆ ಬಂದರೆ ಕೊಡಲಿಕ್ಕೆಂದು ಹೆಸರು ಬರೆಯದ ಐದಾರು ಚಾಕೊಲೇಟ್ ಡಬ್ಬಿ. ಎಲ್ಲವೂ ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ, ಆ ಕವರು ಮತ್ತೊಂದು ಕವರಿನಲ್ಲಿ. ಹೊರಟಿರುವುದು 2017ರಲ್ಲೇ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧಿಸಿದ ದೇಶಕ್ಕೆ! ಪೆಟ್ಟಿಗೆಗಳನ್ನು ನೈರೋಬಿಯ ಹೋಟೆಲಿನಲ್ಲಿ ಬಿಟ್ಟುಹೋಗಬಹುದಲ್ಲ ಎನ್ನುತ್ತಾರೆ. ಧಾರಾಳವಾಗಿ. ಆದರೆ ಮರದ ಮೇಲೆ ಚಿರತೆ ಕಂಡ ಗಳಿಗೆಯಲ್ಲೇ ‘ರೀ, ಆ ನೀಲಿ ಪೆಟ್ಟಿಗೆಗೆ ಬೀಗ ಹಾಕಿದ್ರಾ?’ ಎಂಬ ಪ್ರಶ್ನೆ ಜೀಪಿನಲ್ಲಿ ಏಳದಂತೆ ತಡೆಯುವ ಹೋಟೆಲು ಇನ್ನೂ ಕಟ್ಟಬೇಕಷ್ಟೆ.

ಇದನ್ನೆಲ್ಲ ದಾಟಿ ಬಂದರೆ ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಹಳದಿ ಜ್ವರದ ಸರ್ಟಿಫಿಕೇಟು. ಕೀನ್ಯಾದಿಂದ ಭಾರತಕ್ಕೆ ಬರುವವರು 10 ದಿನ ಮೊದಲೇ ಲಸಿಕೆ ಹಾಕಿಸಿಕೊಂಡಿರಬೇಕು. ಇಲ್ಲವಾದರೆ ಆರು ದಿನದವರೆಗೂ ಕ್ವಾರಂಟೈನ್. ಅಪ್ಪ ಅಮ್ಮನನ್ನು ನೈರೋಬಿಗೇ ಕರೆಸಿಕೊಳ್ಳೋಣ ಎಂಬ ಉಪಾಯದಲ್ಲಿ ಪ್ರೀತಿಯಿದೆ. ಆದರೆ ಅರವತ್ತು ದಾಟಿದವರು ಮೊದಲ ಸಲ ಈ ಲಸಿಕೆ ತೆಗೆದುಕೊಂಡರೆ ಗಂಭೀರ ಅಡ್ಡಪರಿಣಾಮದ ಅಪಾಯ ಹೆಚ್ಚು, ವೈದ್ಯರು ಹಿಂದೆಮುಂದೆ ನೋಡುತ್ತಾರೆ. ಅವರಿಗೆ ಆನೆ ಬೇಕಿದ್ದರೆ ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಹಿಂಡು ಹಿಂಡಾಗಿ ಇಳಿಯುತ್ತವೆ, ಸರ್ಟಿಫಿಕೇಟು ಕೇಳುವುದಿಲ್ಲ.

ಎರಡೆರಡು ಸಲ ಟಿಕೆಟ್ಟಿಗೆ ದುಡ್ಡು ಸುರಿಯುವವರಾರು ಎಂಬುದು ಉಳಿದ ಆಕ್ಷೇಪ, ನ್ಯಾಯವಾದದ್ದೂ ಹೌದು. ಫೆಬ್ರವರಿಯ ಒಂದು ವಾರದ ರಜೆಯಲ್ಲಿ ಲಂಡನ್ನಿನಿಂದ ನೇರ ಹೋಗಿ ಬಂದರೆ ಮಾರಾದ ಶುಲ್ಕ ಅರ್ಧ, ಸಿಂಹಗಳು ಆಗಲೂ ಇರುತ್ತವೆ. ನದಿ ದಾಟುವ ದೃಶ್ಯ ತಪ್ಪುತ್ತದೆ, ಸರಿ. ಆದರೆ ಆಗಸ್ಟಿನಲ್ಲಿ ಮೈಸೂರಿನ ಸೋದರತ್ತೆಯ ಬಾಯಲ್ಲಿ ‘ಕಾಡಲ್ಲಿ ಐದು ದಿನ ಇದ್ದೋರಿಗೆ ನಮ್ಮನೇಲಿ ಎರಡು ದಿನ ಇರೋಕಾಗಲ್ವಾ?’ ಎಂಬ ಮಾತು ಬರದಿದ್ದರೆ ಎರಡನೇ ಟಿಕೆಟ್ಟಿನ ದುಡ್ಡು ಅಲ್ಲೇ ಹುಟ್ಟುತ್ತದೆ.