ಬೀಗರಿದ್ದರು, ಬೀಗದ ಕೈ ಇರಲಿಲ್ಲ

ತುಮಕೂರಿನ ಛತ್ರವೊಂದರಲ್ಲಿ ಅಕ್ಕನ ಮಗಳ ಮದುವೆ. ಬೀಗರು ಧಾರವಾಡದವರು. ಸೋದರಮಾವನ ಗತ್ತಿನಲ್ಲಿ ಎರಡು ಸಲ ಹೋಳಿಗೆ ಬಡಿಸಿಕೊಂಡು, ಎಲೆಯಡಿಕೆ ಜಗಿಯುತ್ತಾ ಹೊರಗೆ ಬಂದು ಜುಬ್ಬಾದ ಜೇಬಿಗೆ ಕೈ ಹಾಕಿದೆ. ಕರ್ಚೀಫಿತ್ತು, ಮುಯ್ಯಿ ಮಾಡಲು ಮರೆತ ಕವರಿತ್ತು, ಕಾರಿನ ಕೀ ಇರಲಿಲ್ಲ.

ಹತ್ತು ನಿಮಿಷದಲ್ಲಿ ಸುದ್ದಿ ಛತ್ರವೆಲ್ಲ ಹಬ್ಬಿತು. ನಮ್ಮ ಕಡೆಯವರು ಬೀಗದ ಕೈ ಹುಡುಕಿದರು, ಧಾರವಾಡದವರು ಚಾವಿ ಹುಡುಕಿದರು, ಹುಡುಗರು ಕೀ ಹುಡುಕಿದರು. ಮೂರೂ ಸಿಗಲಿಲ್ಲ. ಆಮೇಲೆ ಶುರುವಾಯಿತು ಸಲಹೆಗಳ ಪಂಕ್ತಿ. ಕಿಟಕಿ ಸಂದಿಗೆ ಸ್ಟೀಲ್ ಸ್ಕೇಲ್ ಇಳಿಬಿಡಿ ಅಂತ ಒಬ್ಬರು, ಹ್ಯಾಂಗರಿನ ತಂತಿ ಬಗ್ಗಿಸಿ ಅಂತ ಇನ್ನೊಬ್ಬರು. "ನಮ್ಮ ಅಂಬಾಸಿಡರ್‌ಗೆ ಟ್ರಂಕಿನ ಕೀ ಹಾಕಿದ್ರೂ ಸ್ಟಾರ್ಟ್ ಆಗ್ತಿತ್ತಪ್ಪ," ಎಂದರು ಭಾವ. ಅದನ್ನವರು ಹೆಮ್ಮೆಯಿಂದಲೇ ಹೇಳಿದ್ದು.

ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಕೊಡೆಯಡಿ ಕೂತು ಡೂಪ್ಲಿಕೇಟ್ ಕೀ ಮಾಡುವವನನ್ನು ಯಾರೋ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ಆತ ಬಾಗಿಲ ಸಂದಿಗೆ ಗಾಳಿ ಚೀಲ ತೂರಿಸಿ ಊದಿದ, ಒಂದು ಕಂಬಿ ಇಳಿಸಿದ, ನಾಲ್ಕು ನಿಮಿಷಕ್ಕೆ ಬಾಗಿಲು ತೆರೆದ. ಜನ ಚಪ್ಪಾಳೆ ತಟ್ಟಿದರು. ಮಾಂಗಲ್ಯಧಾರಣೆಗೂ ಅಷ್ಟು ಮಂದಿ ಎದ್ದು ನಿಂತಿರಲಿಲ್ಲ. ಕಾರು ನನ್ನದೇ ಹೌದೋ ಅಲ್ಲವೋ ಅಂತ ಆತ ಕೇಳಲಿಲ್ಲ. ಜುಬ್ಬಾ ಹಾಕಿಕೊಂಡು ಕಾರು ಕದಿಯುವವರನ್ನು ಆತ ಕಂಡಿರಲಿಕ್ಕಿಲ್ಲ.

ಬೀಗ ನೋಡಿ ಅರ್ಧ ಗಂಟೆಯಲ್ಲಿ ಕೀಯನ್ನೂ ಕಡಿದುಕೊಟ್ಟ. ತಿರುಗಿಸಿದೆ. ಇಂಜಿನ್ ಒಂದು ಕ್ಷಣ ಹತ್ತಿಕೊಂಡು ಆರಿತು. ಮೀಟರಿನ ಪಕ್ಕ ಪುಟ್ಟದೊಂದು ಕೀ ಚಿತ್ರದ ದೀಪ ಪಿಳಿಪಿಳಿ ಕಣ್ಣು ಹೊಡೆಯತೊಡಗಿತು.

"ಬೀಗ ಒಪ್ಕೊಂಡಿದೆ ಸಾರ್, ಕಂಪ್ಯೂಟರ್ ಒಪ್ತಿಲ್ಲ," ಎಂದ. "ಇನ್ನೊಂದು ಕೀ ಇದೆಯಾ?" ಇಲ್ಲವೆಂದೆ. ಐಸಿಯುನಿಂದ ಹೊರಬಂದ ಡಾಕ್ಟರ ದನಿಯಲ್ಲಿ, "ಹಾಗಾದ್ರೆ ಇದು ಆಲ್ ಕೀ ಲಾಸ್ಟ್ ಕೇಸು," ಎಂದು ಚೀಲ ಕಟ್ಟಿದ.

ಇನ್ನೊಂದು ಕೀಯ ಕತೆ ಬೇರೆ. ಕಾರು ಸೆಕೆಂಡ್ ಹ್ಯಾಂಡ್. ಮಾರಿದವರು "ಊರಲ್ಲಿದೆ, ತಂದುಕೊಡ್ತೀನಿ" ಅಂದು ಮೂರು ವರ್ಷವಾಯಿತು. ಕಾರು ಕಳವಾದರೆ ವಿಮೆಯವರು ಎರಡೂ ಕೀ ತಂದು ಮುಂದಿಡಿ ಅನ್ನುತ್ತಾರೆಂದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ಅಂದರೆ ನನ್ನ ಕಾರನ್ನು ಕಳ್ಳ ಒಯ್ದರೂ ನನಗೆ ಕಷ್ಟ, ಒಯ್ಯದೆ ಛತ್ರದ ಮುಂದೆ ಬಿಟ್ಟರೂ ಕಷ್ಟ.

ಕಂಪ್ಯೂಟರ್ ಯಾಕೆ ಒಪ್ಪಲಿಲ್ಲ? ಆ ದಿನ ಬೆಳಿಗ್ಗೆ ಬೀಗತಿಯರು ಮದುಮಗಳನ್ನು ಕೋಣೆಯ ಬಾಗಿಲಲ್ಲಿ ಅಡ್ಡಗಟ್ಟಿ, ಒಡಪು ಕಟ್ಟಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಪಟ್ಟು ಹಿಡಿದಿದ್ದರು. ಕಾರಿನದ್ದೂ ಅದೇ ಶಾಸ್ತ್ರ. ಅಸಲಿ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿನಂಥ ಚಿಪ್ಪೊಂದಿರುತ್ತದೆ. ರಿಮೋಟಿನ ಗುಂಡಿಗಳಿಗೆ ಬ್ಯಾಟರಿ ಬೇಕು, ಇದಕ್ಕೆ ಬೇಡ. ಕೀ ತೂರಿಸುವ ತೂತಿನ ಸುತ್ತ ತಂತಿಯ ಬಳೆಯಿದೆ; ಅದು 125 ಕಿಲೋಹರ್ಟ್ಸ್‌ನ ಅಲೆಯೆಬ್ಬಿಸಿ ಚಿಪ್ಪಿಗೆ ಗುಟುಕು ಶಕ್ತಿ ಕುಡಿಸಿ, ಒಂದು ಸಂಖ್ಯೆ ಮುಂದಿಟ್ಟು ಒಡಪು ಹೇಳು ಅನ್ನುತ್ತದೆ. ಚಿಪ್ಪು ತನ್ನ ಗುಟ್ಟಿನೊಂದಿಗೆ ಆ ಸಂಖ್ಯೆಯನ್ನು ಹೊಸೆದು ಉತ್ತರ ಕೊಡುತ್ತದೆ, ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಸಂಖ್ಯೆ ಪ್ರತಿ ಸಲ ಬೇರೆ, ಹಾಗಾಗಿ ನಿನ್ನೆ ಕೇಳಿಸಿಕೊಂಡ ಉತ್ತರವನ್ನು ಇವತ್ತು ಒಪ್ಪಿಸಿದರೆ ನಡೆಯದು. ತಾಳೆಯಾದರೆ ಇಂಜಿನ್ ಓಡುತ್ತದೆ. ಇಲ್ಲವಾದರೆ ದೀಪ ಕಣ್ಣು ಹೊಡೆಯುತ್ತದೆ. ತುಮಕೂರಿನ ಆ ಕುಶಲಕರ್ಮಿ ಕಡಿದ ಕೀಗೆ ತಲೆಯಿತ್ತು, ತಲೆಯಲ್ಲಿ ಏನೂ ಇರಲಿಲ್ಲ.

ಕಾರನ್ನು ಟೋಯಿಂಗ್ ಲಾರಿಯ ಮೇಲೆ ಮಲಗಿಸಿ ಸರ್ವಿಸ್ ಸೆಂಟರಿಗೆ ಒಯ್ದೆವು. ಆರ್‌ಸಿ ಕೊಡಿ, ಆಧಾರ್ ಕೊಡಿ, ವಿಮೆ ಪತ್ರ ಕೊಡಿ, ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ ಕೊಡಿ. ಆರ್‌ಸಿ ಕಾರಿನ ಒಳಗಿತ್ತು, ಕಾರು ಅವರ ಗೇಟಿನ ಒಳಗಿತ್ತು, ನಾನು ಹೊರಗಿದ್ದೆ. ಆಧಾರ್‌ನಲ್ಲಿರುವ ಇನಿಷಿಯಲ್ ಆರ್‌ಸಿಯಲ್ಲಿ ಯಾಕಿಲ್ಲ ಅಂತ ಕೌಂಟರಿನ ಹುಡುಗಿ ಕೇಳಿದಾಗ, ನನಗೇ ನಾನು ಹೌದೋ ಅಲ್ಲವೋ ಅನ್ನಿಸಿತು. ಚಾಸಿ ನಂಬರ್ ನೋಡಿ ಕೀ ತರಿಸಬೇಕು, ಹನ್ನೆರಡು ದಿನ, ಪೂರ್ತಿ ದುಡ್ಡು ಮುಂಗಡ. ಬಿಲ್ಲು ಐದಂಕಿ ಮುಟ್ಟಿತು. ಮುಯ್ಯಿಯ ಕವರು ಅಲ್ಲೇ ಖಾಲಿಯಾಯಿತು. ಅಕ್ಕ ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಆ ಹನ್ನೆರಡು ದಿನ ಬಸ್ಸಿನಲ್ಲಿ ನಿಂತು, ಇಷ್ಟೆಲ್ಲ ಬಿಗಿ ಕಾವಲಿರುವ ಕಾರುಗಳನ್ನು ಕಳ್ಳರು ಹೇಗೆ ಒಯ್ಯುತ್ತಾರೆಂದು ಫೋನಿನಲ್ಲಿ ಓದಿದೆ. ಹೊಟ್ಟೆ ಉರಿಯಿತು. ಅವರನ್ನು ಯಾರೂ ಆಧಾರ್ ಕೇಳುವುದಿಲ್ಲ.

ಅಮೆರಿಕದಲ್ಲಿ ಕಿಯಾ ಮತ್ತು ಹುಂಡೈ ಕಂಪನಿಗಳು 2011ರಿಂದ ಸುಮಾರು ಹತ್ತು ವರ್ಷ ಎಷ್ಟೋ ಅಗ್ಗದ ಮಾದರಿಗಳಿಗೆ ಈ ಒಡಪಿನ ಶಾಸ್ತ್ರವನ್ನೇ ಇಡಲಿಲ್ಲ. ಗಡಿಯಾಚೆ ಕೆನಡಾದಲ್ಲಿ 2007ರಿಂದಲೇ ಕಾನೂನು ಕಡ್ಡಾಯ ಮಾಡಿತ್ತು, ಅಲ್ಲಿ ಇಟ್ಟರು. ಕಳ್ಳನಿಗೆ ಹೆದರಿದ್ದರೆ ಎರಡೂ ಕಡೆ ಇಡುತ್ತಿದ್ದರು, ಹೆದರಿದ್ದು ಕಾನೂನಿಗೆ. 2022ರ ಹೊತ್ತಿಗೆ ಅಮೆರಿಕದ ಮೀಸೆ ಮೂಡದ ಹುಡುಗರು ಫೋನ್ ಚಾರ್ಜರಿನ ಯುಎಸ್‌ಬಿ ತುದಿಯಿಂದ ಕಾರು ಎಬ್ಬಿಸಿ, ಓಡಿಸಿ, ವಿಡಿಯೊ ಹಾಕಿ ಮೆರೆದರು. ಕಂಪನಿಗಳು 2023ರಲ್ಲಿ 20 ಕೋಟಿ ಡಾಲರ್‌ವರೆಗೆ ಕೊಡುತ್ತೇವೆಂದು ರಾಜಿಗೆ ಬಂದವು. ಆ ದುಡ್ಡಿಗೆ ಎಷ್ಟು ಅಕ್ಕಿಕಾಳು ಬರುತ್ತಿದ್ದವೋ.

ಇನ್ನೂ ಸೊಗಸಾದದ್ದು ಫೋಕ್ಸ್‌ವ್ಯಾಗನ್ ಪ್ರಸಂಗ. ಹಲವು ಕಂಪನಿಗಳ ಕಾರುಗಳಲ್ಲಿದ್ದ ಮೆಗಾಮೋಸ್ ಎಂಬ ಚಿಪ್ಪಿನ ಗುಟ್ಟು ಸಡಿಲ ಎಂದು ಬರ್ಮಿಂಗ್‌ಹ್ಯಾಮ್ ಮತ್ತು ನೆದರ್ಲೆಂಡ್ಸ್‌ನ ಸಂಶೋಧಕರು ಕಂಡುಕೊಂಡರು. ಕಂಪನಿ ಮಾಡಿದ್ದೇನು? 2013ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಪ್ರಬಂಧ ಹೊರಬಂದದ್ದು 2015ರಲ್ಲಿ. ಕಾರಿನ ಬೀಗ ಸಡಿಲವೆಂದು ಗೊತ್ತಾದಾಗ, ಹೇಳಿದವರ ಬಾಯಿಗೆ ಬೀಗ ಹಾಕಿದರು. ಆ ಬೀಗ ಮಾತ್ರ ಎರಡು ವರ್ಷ ಭದ್ರವಾಗಿತ್ತು.

ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ದುಬಾರಿ ಕಾರಿನವರು ನಗಬೇಕಿಲ್ಲ. ಜೇಬಿನಲ್ಲಿ ಕೀ ಇದ್ದರೆ ಸಾಕು, ಕಾರು ತಾನೇ ಗುರುತು ಹಿಡಿಯುತ್ತದೆ ತಾನೇ? ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆಯ ಮುಂಬಾಗಿಲ ಬಳಿ, ಇಬ್ಬರ ಕೈಯಲ್ಲೂ ಒಂದೊಂದು ಪೆಟ್ಟಿಗೆ. ಕಾರು ಕೇಳಿದ್ದನ್ನು ಒಳಗೆ ಮೊಳೆಗೆ ತೂಗಿಬಿದ್ದ ಕೀಗೆ ಮುಟ್ಟಿಸುವುದು, ಕೀ ಹೇಳಿದ್ದನ್ನು ಕಾರಿಗೆ ಮುಟ್ಟಿಸುವುದು. ಗುಟ್ಟು ಒಡೆಯಬೇಕಾಗಿಯೇ ಇಲ್ಲ. ಮದುವೆ ದಲ್ಲಾಳಿಯ ಕೆಲಸ. ಜೂರಿಕ್‌ನ ಇಟಿಎಚ್ ಸಂಶೋಧಕರು 2011ರಲ್ಲೇ 10 ಮಾದರಿಯ ಕಾರುಗಳ ಮೇಲೆ ಇದನ್ನು ಮಾಡಿ ತೋರಿಸಿದ್ದರು. ಈಗ ಲಕ್ಷಗಟ್ಟಲೆ ಕೊಟ್ಟು ಕಾರು ಕೊಂಡವರು ರಾತ್ರಿ ಕೀಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಚಪಾತಿಯಂತೆ ಸುತ್ತಿ ತಗಡಿನ ಡಬ್ಬಿಯಲ್ಲಿಡುತ್ತಿದ್ದಾರೆ.

ಹದಿಮೂರನೆಯ ದಿನ ಕೀ ಬಂತು. ಮೆಕ್ಯಾನಿಕ್ ಸ್ಟೀರಿಂಗ್ ಕೆಳಗೆ ವೈರು ಸಿಕ್ಕಿಸಿ ಹೊಸ ಗುಟ್ಟು ತುಂಬಿ, "ಹಳೇ ಕೀನ ಅಳಿಸಿ ಹಾಕಿದೀನಿ ಸಾರ್, ಯಾರಿಗೆ ಸಿಕ್ಕರೂ ಗಾಡಿ ಸ್ಟಾರ್ಟ್ ಆಗಲ್ಲ," ಎಂದ. ಅಂದು ಸಂಜೆ ತಿಪಟೂರಿನಿಂದ ಚಿಕ್ಕಮ್ಮನ ಫೋನು. ಮದುವೆಯ ತಾಂಬೂಲದ ಚೀಲದಿಂದ ಆವತ್ತಷ್ಟೇ ತೆಂಗಿನಕಾಯಿ ತೆಗೆದರಂತೆ. "ಅಲ್ಲ ಕಣೋ, ಈ ಸಲ ಕಾಯಿ ಜೊತೆ ಕಾರಿನ ಕೀನೂ ಇಟ್ಟಿದಾರಲ್ಲ, ಬೀಗರು ಅಷ್ಟು ಅನುಕೂಲಸ್ಥರಾ?" ತಾಂಬೂಲ ಹಂಚುವ ಮೇಜಿನ ಹತ್ತಿರ ನಿಂತು ಚೀಲ ತುಂಬಿದ ಸೋದರಮಾವ ನಾನೇ.

ಕೀ ಕೊರಿಯರ್‌ನಲ್ಲಿ ಬಂತು. ಹಾಕಿ ನೋಡಿದೆ. ಬಾಗಿಲು ತೆರೆಯಿತು. ಇಂಜಿನ್ ಒಂದು ಕ್ಷಣ ಹತ್ತಿಕೊಂಡು ಆರಿತು, ದೀಪ ಕಣ್ಣು ಹೊಡೆಯಿತು.