ಗುಂಯ್ ನಿವಾರಕರು

ಬ್ರಹ್ಮಾವರ, ಕುಂದಾಪುರ, ಬೈಂದೂರುಗಳಲ್ಲಿ ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಊರಿಗೆ ಮರಳಿದವರ ಪೈಕಿ ಒಂದು ಪ್ರತ್ಯೇಕ ವರ್ಗವಿದ್ದು, ಅವರನ್ನು ಗುಂಯ್ ನಿವಾರಕರೆಂದು ಹೆಸರಿಸುವುದು ಸೂಕ್ತ. ಗುಂಯ್ ಎಂದರೆ ಆಂಪ್ಲಿಫೈಯರ್ ಹಾಕಿದೊಡನೆ, ಹಾಡು ಶುರುವಾಗುವ ಮೊದಲೇ, ಸ್ಪೀಕರಿನಿಂದ ಹೊರಡುವ ನಾದ. ಮನೆಯ 230 ವೋಲ್ಟ್ ಕರೆಂಟು ಸೆಕೆಂಡಿಗೆ 50 ಆವರ್ತದಂತೆ ಹಿಂದುಮುಂದಾಗಿ ಹರಿಯುವುದರಿಂದ ಅದರ ವಯರಿನ ಸುತ್ತಲಿನ ಕಾಂತಕ್ಷೇತ್ರವೂ ಅದೇ ಲಯದಲ್ಲಿ ಏರಿಳಿದು, ಪಕ್ಕದ ಆಡಿಯೋ ಕೇಬಲಿನಲ್ಲಿ ತೀರ ಸಣ್ಣದೊಂದು ವಿದ್ಯುತ್ತನ್ನು ಹುಟ್ಟಿಸುತ್ತದೆ. ಆಂಪ್ಲಿಫೈಯರಿಗೆ ಪದ್ಯ ಯಾವುದು, ಗುಂಯ್ ಯಾವುದು ಎಂಬ ಭೇದವಿಲ್ಲವಾದ್ದರಿಂದ ಅದು ಎರಡನ್ನೂ ಸಮಭಾವದಿಂದ ದೊಡ್ಡದು ಮಾಡುತ್ತದೆ. ಈ ನಾದವೂ ಅದರ ಇಮ್ಮಡಿಯಾದ 100 ಹರ್ಟ್ಸಿನದೂ ಹಾರ್ಮೋನಿಯಮ್ಮಿನ ಬಿಳಿ ಐದಕ್ಕೆ ಬಹು ಸಮೀಪ. ಆದರೂ ಅದನ್ನು ಶ್ರುತಿಯೆಂದು ಒಪ್ಪಿದ ಯಕ್ಷಗಾನ ಭಾಗವತರಿಲ್ಲ.

ನಿವಾರಕರ ಮೂಲ ಉದ್ದೇಶ ಸಾಧುವಾದುದೇ. 1990ರಲ್ಲಿ ಅಕಾಲದಲ್ಲಿ ತೀರಿಕೊಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಹಳೆಯ ಕ್ಯಾಸೆಟ್ಟುಗಳನ್ನು ನೆಮ್ಮದಿಯಿಂದ ಕೇಳಬೇಕೆಂದೇ ಅವರು ಡೆಕ್ಕು, ಆಂಪ್ಲಿಫೈಯರು ಕೊಂಡದ್ದು. ಆದರೆ ಮೊದಲ ಪದ್ಯದ ನಡುವೆ ಗುಂಯ್ ಕಿವಿಗೆ ಬಿದ್ದ ಕ್ಷಣದಿಂದ ಪದ್ಯವು ಗುಂಯ್ ಪರೀಕ್ಷೆಯ ಸಲಕರಣೆಯಾಗಿ ಪರಿಣಮಿಸುತ್ತದೆ. ಒಳತಂತಿಯನ್ನು ತಾಮ್ರದ ಜಾಲರಿಯಿಂದ ಸುತ್ತುಗಟ್ಟಿದ ಶೀಲ್ಡ್ ಕೇಬಲು ಮನೆಗೆ ಬರುತ್ತದೆ. ಇನ್ವರ್ಟರು ಹಟ್ಟಿಗೆ ವರ್ಗವಾಗುತ್ತದೆ. ಆಡಿಯೋ ವಯರು ಕರೆಂಟಿನ ವಯರಿನ ಜೊತೆ ಸಮಾನಾಂತರವಾಗಿ ಸಾಗದೆ ಲಂಬಕೋನದಲ್ಲಷ್ಟೇ ಅದನ್ನು ದಾಟತಕ್ಕದ್ದೆಂಬ ನಿಯಮ ಜಾರಿಗೆ ಬಂದು, ಕಸ ಗುಡಿಸುವವರಿಗೂ ಅದನ್ನು ಬಾಯಿಪಾಠ ಮಾಡಿಸಲಾಗುತ್ತದೆ.

ಟಿವಿ ಒಂದು ಕಡೆ, ಆಂಪ್ಲಿಫೈಯರು ಇನ್ನೊಂದು ಕಡೆ ಅರ್ತಿಂಗ್ ಪಡೆದು, ನಡುವೆ ಕೇಬಲಿನಿಂದಲೂ ಸೇರಿಕೊಂಡರೆ ಉಂಟಾಗುವ ಬಳಸುದಾರಿಗೆ ಗ್ರೌಂಡ್ ಲೂಪ್ ಎಂದು ಹೆಸರು; ಗುಂಯ್ ಅದರಿಂದಲೂ ಬರುತ್ತದೆ. ಎಲ್ಲವನ್ನೂ ಒಂದೇ ಪ್ಲಗ್ಗಿನ ಜಾಗಕ್ಕೆ ತಂದರೆ ಗುಂಯ್ ಬಹುಪಾಲು ಅಡಗುತ್ತದೆ. ಅರ್ತ್ ಪಿನ್ನನ್ನೇ ಕಿತ್ತುಹಾಕಿದರೂ ಅಡಗೀತು, ಆದರೆ ಆಗ ಕೇಳುಗನೂ ಅಡಗುವ ಸಂಭವವಿದೆ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗುವುದರಿಂದ ನಿವಾರಕರು ಬೆಳಿಗ್ಗೆ ತುಳಸಿಗಿಂತ ಮೊದಲು ಅರ್ತಿಂಗ್ ಗುಂಡಿಗೆ ನೀರೆರೆಯುತ್ತಾರೆ. ಆ ತೇವಕ್ಕೂ ಗುಂಯ್‌ಗೂ ಸಂಬಂಧ ಅತ್ಯಲ್ಪವೆಂಬುದನ್ನು ಅವರಿಗೆ ತಿಳಿಸುವುದು ಶ್ರೇಯಸ್ಕರವಲ್ಲ. ಆ ನೀರು ಮನೆಯವರ ಸುರಕ್ಷೆಗೆ ಹೇಗೂ ಒಳ್ಳೆಯದೇ.

ಕರಾವಳಿಯ ಉಪ್ಪುಗಾಳಿ ಇವರ ಪರಮ ವೈರಿ. ಅದರಿಂದ ಪಿನ್ನುಗಳು ಹಸಿರುಗಟ್ಟುತ್ತವೆ, ಹಸಿರುಗಟ್ಟಿದ ಸಡಿಲ ಕೀಲು ವಿದ್ಯುತ್ತನ್ನು ಒಂದು ದಿಕ್ಕಿಗೆ ಹೆಚ್ಚಾಗಿಯೂ ಇನ್ನೊಂದಕ್ಕೆ ಕಡಿಮೆಯಾಗಿಯೂ ಬಿಡತೊಡಗಿ, ಹಳೆಯ ಹರಳು ರೇಡಿಯೋದ ಕೆಲಸವನ್ನು ಯಾರೂ ಹೇಳದೆಯೇ ವಹಿಸಿಕೊಳ್ಳುತ್ತದೆ. ಮಂಗಳೂರು ಆಕಾಶವಾಣಿಯ 1089 ಕಿಲೋಹರ್ಟ್ಸಿನ ಮಧ್ಯಮ ತರಂಗ ಪ್ರೇಷಕವಿರುವುದು ಬ್ರಹ್ಮಾವರದಲ್ಲಿ. ಅಂಥ ಪ್ರೇಷಕದ ಆಸುಪಾಸಿನಲ್ಲಿ ಉದ್ದನೆಯ ಸ್ಪೀಕರ್ ವಯರು ಏರಿಯಲ್ಲಾಗಿ, ಕರೆಯದ ಕೃಷಿರಂಗ ಕಾರ್ಯಕ್ರಮದವರು ಕ್ಯಾಸೆಟ್ಟಿನೊಳಗಿಂದ ಅಡಿಕೆಯ ಕೊಳೆರೋಗದ ಬಗ್ಗೆ ಮಾತನಾಡುವ ಸಾಧ್ಯತೆಯುಂಟು. ಇದಕ್ಕೆ ಮದ್ದು ಕಬ್ಬಿಣದ ಆಕ್ಸೈಡು ಬೆರೆಸಿ ಸುಟ್ಟ ಫೆರೈಟ್ ಬಳೆ. ಮಧ್ಯಮ ತರಂಗಕ್ಕೆ ಒಂದು ಸುತ್ತು ಸಾಲದೆ ವಯರನ್ನು ಅದರೊಳಗೆ ಹಲವು ಬಾರಿ ಸುತ್ತಬೇಕಾಗುವುದರಿಂದ, ಮನೆಯಾಕೆಯ ಕೈಯಲ್ಲಿರುವುದಕ್ಕಿಂತ ಹೆಚ್ಚು ಬಳೆಗಳು ಕಪಾಟಿನ ಹಿಂದೆ ಶೇಖರವಾಗುತ್ತವೆ.

ಕೊನೆಗೊಂದು ದಿನ ಪೂರ್ಣ ಮೌನ ಸಿದ್ಧಿಸುತ್ತದೆ. ನೆರೆಯವರನ್ನು ಕರೆಸಿ, ಕಾಫಿ ಕೊಟ್ಟು, ಫ್ಯಾನು ನಿಲ್ಲಿಸಿ, ವಾಲ್ಯೂಮನ್ನು ತುದಿಗೇರಿಸಿ ಏನೂ ಕೇಳಿಸದಿರುವುದನ್ನು ಕೇಳಿಸಲಾಗುತ್ತದೆ. ಬೆವರೊರೆಸಿಕೊಳ್ಳುತ್ತ ಎಲ್ಲರೂ ತಲೆದೂಗುತ್ತಾರೆ. ಆಗ ಅಡುಗೆಮನೆಯಿಂದ "ಹ್ವಾಯ್, ಪದ ಕೇಂಬುದ್ ಏಗ್ಳ್?" ಎಂಬ ಪ್ರಶ್ನೆ ಬರುತ್ತದೆ. ಕ್ಯಾಸೆಟ್ಟು ಹಾಕಿದರೆ ಚಂಡೆಗಿಂತ ಮೊದಲು ಗುಂಯ್. ಕೇಬಲಿನದಲ್ಲ, ಗದ್ದೆಯ ಆಟದಲ್ಲಿ ಯಾರೋ ರೆಕಾರ್ಡು ಮಾಡಿದ ಆ ರಾತ್ರಿಯದೇ, ಟೇಪಿನೊಳಗೇ ಕುಳಿತದ್ದು. ಅಂದಿನ ಮೈಕ್‌ಸೆಟ್ಟಿನ ವಯರನ್ನು ಜನರೇಟರಿನ ಬದಿಯಿಂದ ಎಳೆದವರು ಯಾರೆಂದು ನಿವಾರಕರು ಸದ್ಯ ಊರೂರು ವಿಚಾರಿಸುತ್ತಿದ್ದಾರೆ.