ಬೈದದ್ದು ಕನ್ನಡದಲ್ಲಿ, ದೂರು ಇಂಗ್ಲಿಷಿನಲ್ಲಿ

ಮ್ಯಾನೇಜರು ಬೈಯುವುದು ಕನ್ನಡದಲ್ಲೋ ಹಿಂದಿಯಲ್ಲೋ ತೆಲುಗಿನಲ್ಲೋ. ಸಿಟ್ಟು ನೆತ್ತಿಗೇರಿದಾಗ ಯಾರಿಗೂ ಇಂಗ್ಲಿಷ್ ನೆನಪಾಗುವುದಿಲ್ಲ. ಆದರೆ ಬೈಸಿಕೊಂಡವನು ಎಚ್‌ಆರ್ ಬಾಗಿಲಿಗೆ ಹೋಗಬೇಕಾದರೆ ಮಾತ್ರ ಇಂಗ್ಲಿಷ್ ಹೊತ್ತುಕೊಂಡೇ ಹೋಗಬೇಕು. ಬೆಂಗಳೂರಿನ ಆಫೀಸುಗಳ ಅರ್ಧ ಅನ್ಯಾಯ ಈ ದಾರಿಯಲ್ಲೇ ಕರಗಿಹೋಗುತ್ತದೆ.

ದಾವಣಗೆರೆ ಕಡೆಯ ಹುಡುಗನೊಬ್ಬ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದಾನೆ ಅಂದುಕೊಳ್ಳಿ. ಶುಕ್ರವಾರ ಸಂಜೆ, ಇಡೀ ಟೀಮಿನ ಎದುರು, ಮ್ಯಾನೇಜರು ಅವನಿಗೆ "ನಿಮ್ಮಪ್ಪ ಫೀಸು ಕಟ್ಟಿದ್ದು ದಂಡ ಕಣಯ್ಯ, ಊರಿಗೆ ಹೋಗಿ ಎಮ್ಮೆ ಕಾಯಿ" ಅಂದ. ಕೆಳಗೆ ಟೀ ಅಂಗಡಿ ಮುಂದೆ ಗೆಳೆಯರ ಸಭೆ ಸೇರಿತು. ದೂರಿನ ಮೊದಲ ಕರಡು, ಹೈಸ್ಕೂಲಿನಲ್ಲಿ ರಜಾ ಅರ್ಜಿ ಬಾಯಿಪಾಠ ಮಾಡಿಸಿದ ಮೇಷ್ಟರ ಕೃಪೆ: "ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್." ಬೆಗ್ ಅನ್ನಬೇಡ ಮಗಾ, ಚೀಪಾಗಿ ಕಾಣ್ತದೆ ಅಂದ ಒಬ್ಬ. ಇನ್ನೊಬ್ಬ ಅದನ್ನು ಚಾಟ್‌ಜಿಪಿಟಿಗೆ ಹಾಕಿ, ಸ್ವಲ್ಪ ಪ್ರೊಫೆಷನಲ್ ಮಾಡಿಕೊಡು ಅಂದ. ಅದು ಮಾಡಿಕೊಟ್ಟಿತು. ಎಮ್ಮೆ ಹೋಯಿತು, ಅಪ್ಪ ಹೋದ, ಎದುರಿಗಿದ್ದ ಸಾಕ್ಷಿಗಳೂ ಹೋದರು. ಉಳಿದದ್ದು, ಟೀಮಿನ ಕಮ್ಯುನಿಕೇಷನ್ ಸ್ಟೈಲ್ ಬಗ್ಗೆ ಒಂದಿಷ್ಟು ಫೀಡ್‌ಬ್ಯಾಕ್.

ಸೋಮವಾರ ಉತ್ತರ ಬಂತು. "ಥ್ಯಾಂಕ್ಯೂ ಫಾರ್ ರೀಚಿಂಗ್ ಔಟ್. ವಿ ಹಿಯರ್ ಯೂ." ಕೇಳಿಸಿತಂತೆ. ಕೇಳಿಸಿದ್ದರ ಫಲವಾಗಿ ಬುಧವಾರ ಗಾಜಿನ ಕೋಣೆಯಲ್ಲಿ ಮೂವರ ಸಭೆ: ಬೈದವನು, ಬೈಸಿಕೊಂಡವನು, ನಡುವೆ ಎಚ್‌ಆರ್. ಇಬ್ಬರೂ ಪರಸ್ಪರ ಎಕ್ಸ್‌ಪೆಕ್ಟೇಷನ್ ಅಲೈನ್ ಮಾಡಿಕೊಳ್ಳಬೇಕು ಎಂಬ ತೀರ್ಪು ಹೊರಬಿತ್ತು. ಅಂದರೆ ಒಬ್ಬ ಬೈಯುವುದನ್ನು ನಿರೀಕ್ಷಿಸಬೇಕು, ಇನ್ನೊಬ್ಬ ಅದನ್ನು ತಪ್ಪದೆ ಪೂರೈಸಬೇಕು. ಮೂರು ತಿಂಗಳಿಗೆ ಹುಡುಗನ ರೇಟಿಂಗು ಇಳಿಯಿತು, ನಾಲ್ಕನೆಯ ತಿಂಗಳು ಪಿಐಪಿಗೆ ಹಾಕಿದರು. ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್ ಎಂಬ ಈ ಯೋಜನೆಯಲ್ಲಿ ಇಂಪ್ರೂವ್ ಆಗಿ ಹೊರಬಂದವರನ್ನು ನೀವು ಕಂಡಿದ್ದರೆ ದಯವಿಟ್ಟು ಪರಿಚಯ ಮಾಡಿಸಿ, ಶಾಲು ಹೊದಿಸೋಣ.

ಎಚ್‌ಆರ್ ಇಂಗ್ಲಿಷಿನ ವೈಶಿಷ್ಟ್ಯವೆಂದರೆ ಅದರಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲವೂ ತಾನಾಗಿ ಆಗುತ್ತದೆ. ಸಂಬಳ ಕಡಿಮೆ ಮಾಡಿದವರಿಲ್ಲ, ರಚನೆ ಪರಿಷ್ಕೃತಗೊಂಡಿದೆ. ಕೆಲಸ ಕಿತ್ತುಕೊಂಡವರಿಲ್ಲ, ನಿಮ್ಮ ರೋಲ್ ಇಂಪ್ಯಾಕ್ಟ್ ಆಗಿದೆ. ಅಕಾಲದ ಮಳೆಗೆ ಬೆಳೆ ಹೋದ ಹಾಗೆ ಕೆಲಸ ಹೋಗಿರುತ್ತದೆ. ಮೋಡವನ್ನು ಬೈಯಬಹುದೇ ಹೊರತು ಕೈ ಹಿಡಿದು ನಿಲ್ಲಿಸಿ ಕೇಳಲಾಗದು. ಎಚ್‌ಎಂಟಿ, ಬಿಇಎಲ್ ಕಾಲದ ಪರ್ಸನೆಲ್ ಆಫೀಸರ್ ಏನೂ ದೇವತಾಮನುಷ್ಯನಲ್ಲ. ಆದರೆ ಆತ "ಆಗಲ್ಲ ಹೋಗಯ್ಯ" ಅಂತ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ. ಆಗಲ್ಲ ಅಂದವನ ಹೆಸರು ಗೊತ್ತಿರುತ್ತಿತ್ತು, ಯೂನಿಯನ್ ಆಫೀಸಿಗೆ ಹೋಗಿ ಆ ಹೆಸರು ಹೇಳಬಹುದಿತ್ತು. ಈಗಿನವರು ಆಗಲ್ಲ ಅನ್ನುವುದೇ ಇಲ್ಲ. ಸರ್ಕಲ್ ಬ್ಯಾಕ್ ಮಾಡುತ್ತಾರೆ.

ಇನ್ನು ಸಲಹೆಗಾರರು. ಲಿಂಕ್ಡ್‌ಇನ್ ತೆರೆದರೆ ಸಾಕು, ಸಾಲಿಗೊಂದು ಪ್ಯಾರಾ ಬರೆಯುವ ಮಹಾನುಭಾವರು ನಿಮಗಾಗಿ ಕಾದಿರುತ್ತಾರೆ. ಎಚ್‌ಆರ್ ನಿಮ್ಮ ಗೆಳೆಯರಲ್ಲ. ಎಲ್ಲವನ್ನೂ ಡಾಕ್ಯುಮೆಂಟ್ ಮಾಡಿ. ಅಟಾರ್ನಿಯನ್ನು ಕಾಣಿ. ಈ ಮಾತುಗಳಲ್ಲಿ ತಪ್ಪೇನಿಲ್ಲ, ಓಹಿಯೋದಲ್ಲಿ ಕೂತು ಓದಿದರೆ. ಅಮೆರಿಕದಲ್ಲಿ ಮೊಂಟಾನಾ ರಾಜ್ಯವೊಂದನ್ನು ಬಿಟ್ಟರೆ ಉಳಿದೆಡೆ ಕಾರಣವನ್ನೇ ಕೊಡದೆ ಕೆಲಸದಿಂದ ತೆಗೆಯಬಹುದು ಎಂಬುದು ಸಾಮಾನ್ಯ ನಿಯಮ. ವರ್ಣ, ಲಿಂಗ, ಧರ್ಮದ ಭೇದದಂಥ, ಕಾನೂನು ಒಪ್ಪದ ಕಾರಣವಿದೆ ಎಂದು ತೋರಿಸಿದರಷ್ಟೇ ಹಿಡಿತ ಸಿಗುವುದರಿಂದ ಅಲ್ಲಿಯ ನೌಕರ ಡೈರಿ ಇಟ್ಟು, ವಕೀಲರನ್ನು ಹಿಡಿಯುತ್ತಾನೆ. ಆ ಸಲಹೆಯನ್ನು ನಮ್ಮವರು ಪ್ಯಾಕು ಬಿಚ್ಚದೆ ಮಾರತ್‌ಹಳ್ಳಿಯಲ್ಲಿ ಇಳಿಸಿಕೊಂಡಿದ್ದಾರೆ. ದಾವಣಗೆರೆ ಹುಡುಗನೂ ಡಾಕ್ಯುಮೆಂಟ್ ಮಾಡಿದ. ಕಂಪನಿಯ ಲ್ಯಾಪ್‌ಟಾಪಿನಲ್ಲೇ, "ಪ್ರೂಫ್" ಎಂದು ಹೆಸರಿಟ್ಟ ಫೋಲ್ಡರಿನಲ್ಲಿ. ಮೂರು ಗಂಟೆಗೆ ಮೀಟಿಂಗಿಗೆ ಕರೆದರು, ಮೂರೂ ಹತ್ತಕ್ಕೆ ಲಾಗಿನ್ ಮುಚ್ಚಿತು, ಮೂರೂವರೆಗೆ ಸೆಕ್ಯುರಿಟಿಯವರು ಬಂದು ಲ್ಯಾಪ್‌ಟಾಪ್ ತೆಗೆದುಕೊಂಡು ಹೋದರು. ಪ್ರೂಫು ಈಗ ಸುರಕ್ಷಿತವಾಗಿ ಕಂಪನಿಯ ಬಳಿಯೇ ಇದೆ.

ನಮ್ಮ ಕಾನೂನು ಅಮೆರಿಕದ್ದಲ್ಲ ಎಂಬ ಸರಳ ಸಂಗತಿಯನ್ನು ಇವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವರ್ಷ ಪೂರ್ತಿ ದುಡಿದ ಕಾರ್ಮಿಕನನ್ನು ಬೇಡವೆಂದು ತೆಗೆಯಬೇಕಾದರೆ ಕಾರಣ ತಿಳಿಸಿ ಒಂದು ತಿಂಗಳ ನೋಟಿಸು ಇಲ್ಲವೇ ಆ ತಿಂಗಳ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಕೊಡಬೇಕು. ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ಮಾತು 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಕಾರ್ಮಿಕ ಅಂದರೆ ಸುತ್ತಿಗೆ ಹಿಡಿದವನು ಮಾತ್ರ ಅಲ್ಲ. ತಾಂತ್ರಿಕ ಕೆಲಸ, ಗುಮಾಸ್ತೆ ಕೆಲಸ ಮಾಡುವವರೂ ಆ ವ್ಯಾಖ್ಯೆಯೊಳಗೇ ಬರುತ್ತಾರೆ. ಹೊರಗುಳಿಯುವವರು ಆಡಳಿತ ನಡೆಸುವವರು ಮತ್ತು ಒಂದು ಮಿತಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರು.

ಈ ವ್ಯಾಖ್ಯೆ ಓದಿದ ಮೇಲೆ ನಮ್ಮ ಆಫೀಸುಗಳ ಪದವಿಗಳ ಜಾತ್ರೆ ಸ್ವಲ್ಪ ಅರ್ಥವಾಗುತ್ತದೆ. ಎಲ್ಲರೂ ಲೀಡ್, ಎಲ್ಲರೂ ಮ್ಯಾನೇಜರ್, ಮೂವತ್ತು ದಾಟಿದರೆ ಅಸೋಸಿಯೇಟ್ ವೈಸ್ ಪ್ರೆಸಿಡೆಂಟ್. ಕೈಕೆಳಗೆ ಒಂದು ನರಪಿಳ್ಳೆಯೂ ಇಲ್ಲ, ರಜೆ ಬೇಕಾದರೆ ತಾನೇ ಮೂವರನ್ನು ಕೇಳಬೇಕು, ಆದರೂ ವಿಸಿಟಿಂಗ್ ಕಾರ್ಡಿನಲ್ಲಿ ವೈಸ್ ಪ್ರೆಸಿಡೆಂಟ್. ಊರಲ್ಲಿ ಅಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ. ಕೋರ್ಟುಗಳು ಮಾತ್ರ ಪದವಿಯ ಹೆಸರನ್ನಲ್ಲ, ದಿನನಿತ್ಯ ಮಾಡುವ ಕೆಲಸವನ್ನು ನೋಡುತ್ತವೆ. ಇದನ್ನು ಇಂಡಕ್ಷನ್ ದಿನ ಹೇಳಿಕೊಡುವುದಿಲ್ಲ. ಅಂದು ಬಲೂನು ಊದಿಸುತ್ತಾರೆ.

ಇನ್ನೊಂದು ಸ್ವಾರಸ್ಯ ಕೇಳಿ. 1946ರ ಸ್ಥಾಯಿ ಆದೇಶಗಳ ಕಾಯ್ದೆ ಅಂತ ಒಂದಿತ್ತು. ಕೆಲಸದ ವೇಳೆ, ರಜೆ, ಶಿಸ್ತುಕ್ರಮ, ವಜಾ ಮಾಡುವ ಬಗೆ, ಎಲ್ಲವನ್ನೂ ಬರೆದು, ಇಂಗ್ಲಿಷಿನಲ್ಲಿ ಮತ್ತು ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ, ಬಾಗಿಲ ಹತ್ತಿರ ಬೋರ್ಡಿಗೆ ಹಾಕಬೇಕು ಎಂದು ಅದರ 9ನೇ ಕಲಂ ಹೇಳುತ್ತಿತ್ತು. ಸ್ವಾತಂತ್ರ್ಯ ಬರುವುದಕ್ಕೂ ಮುಂಚೆ, ಬ್ರಿಟಿಷರ ಕಾಲದಲ್ಲಿ! ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಈ ಕಾಯ್ದೆಯಿಂದ 2014ರಲ್ಲಿ ಐದು ವರ್ಷ ವಿನಾಯಿತಿ ಕೊಟ್ಟಿತು, 2019ರಲ್ಲಿ ಮತ್ತೆ ಐದು ವರ್ಷ, 2024ರಲ್ಲಿ ಇನ್ನೂ ಐದು. ಹಸುಗೂಸು ಉದ್ಯಮ, ನಡೆಯಲು ಕಲಿಯಲಿ ಅಂತ ಇರಬೇಕು. ವಿನಾಯಿತಿಗೆ ಷರತ್ತುಗಳಿದ್ದವು: ಕುಂದುಕೊರತೆ ಸಮಿತಿ ಇರಬೇಕು, ಯಾರನ್ನಾದರೂ ಅಮಾನತು, ವಜಾ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ನಿಮ್ಮ ಆಫೀಸಿನ ಕುಂದುಕೊರತೆ ಸಮಿತಿಯಲ್ಲಿ ನೌಕರರ ಪರ ಯಾರಿದ್ದಾರೆ, ಹೇಳಿ ನೋಡೋಣ? ದೀಪಾವಳಿ ರಂಗೋಲಿ ಸ್ಪರ್ಧೆಯ ಸಮಿತಿಯಲ್ಲಿ ಯಾರಿದ್ದಾರೆ ಎಂಬುದು ಬೇಕಾದರೆ ನಿದ್ದೆಯಲ್ಲೂ ಹೇಳುತ್ತೀರಿ.

ಕಾನೂನು ಗೊತ್ತಿಲ್ಲದ್ದು ನೌಕರರಿಗೆ ಮಾತ್ರ ಎಂದು ಭಾವಿಸಬೇಡಿ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆ ನರಸಾಪುರದಲ್ಲಿದ್ದ, ತೈವಾನ್ ಮೂಲದ ವಿಸ್ಟ್ರಾನ್ ಕಂಪನಿಯ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ತಕರಾರಿಗೆ ಕಾರ್ಮಿಕರು ಗಾಜು ಪುಡಿ ಮಾಡಿದರಲ್ಲ, ಆಮೇಲೆ ಕಾರ್ಖಾನೆಗಳ ಇಲಾಖೆ ತನಿಖೆ ಮಾಡಿತು. ಸುಮಾರು 10,500 ಜನ ದುಡಿಯುತ್ತಿದ್ದ ಜಾಗದಲ್ಲಿ ಎಚ್‌ಆರ್ ವಿಭಾಗಕ್ಕೆ ಕಾರ್ಮಿಕ ಕಾನೂನು ತಿಳಿದ ಜನವೇ ಸಾಕಷ್ಟಿರಲಿಲ್ಲ ಎಂದು ವರದಿ ಬಂತು. ಕಾನೂನು ಬಲ್ಲವರು ಇಲ್ಲದಿದ್ದರೂ ಇಮೇಲ್ ಬಲ್ಲವರಿಗೆ ಎಲ್ಲೂ ಬರವಿರುವುದಿಲ್ಲ. ಗಾಜು ಒಡೆದದ್ದು ಸರಿ ಅನ್ನುತ್ತಿಲ್ಲ. ತಿಂಗಳುಗಟ್ಟಲೆ ಬಾಯಿ ಬಡಿದುಕೊಂಡರೂ ಕೇಳಿಸದ್ದು ಒಂದು ಬೆಳಿಗ್ಗೆಯ ಸದ್ದಿಗೆ ತೈವಾನ್‌ವರೆಗೆ ಕೇಳಿಸಿತು ಅನ್ನುತ್ತಿದ್ದೇನೆ, ಅಷ್ಟೇ.

ಅದಕ್ಕೂ ಮುಂಚೆ, 2016ರ ಏಪ್ರಿಲ್‌ನಲ್ಲಿ, ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಬಂದು ನಿಂತರು. ಟಿಫನ್ ಬಾಕ್ಸು ಕೈಯಲ್ಲೇ ಇತ್ತು. ಅವರಿಗೆ ಯಾರೂ ಕನ್‌ಸ್ಟ್ರಕ್ಟಿವ್ ಫೀಡ್‌ಬ್ಯಾಕ್ ಕೊಡುವುದು ಹೇಗೆಂದು ಕಲಿಸಿರಲಿಲ್ಲ. "ನಮ್ಮ ದುಡ್ಡು ನಮಗೆ ಕೊಡಿ" ಅನ್ನುವುದಷ್ಟೇ ಗೊತ್ತಿತ್ತು. ಕೇಂದ್ರ ಸರ್ಕಾರ ಎರಡನೇ ದಿನ ನಿಯಮ ವಾಪಸ್ ಪಡೆಯಿತು. ದೆಹಲಿಗೆ ಕನ್ನಡ ಬರುವುದಿಲ್ಲ ಅನ್ನುತ್ತಾರೆ, ಅಂದು ಚೆನ್ನಾಗಿಯೇ ಬಂತು.

ಬಿಳಿ ಕಾಲರಿನವರ ಗತಿ ಬೇರೆ. ವಾರಕ್ಕೆ 70 ಗಂಟೆ ದುಡಿಯಿರಿ ಎಂದು 2023ರಲ್ಲಿ ನಾರಾಯಣಮೂರ್ತಿಯವರು ಹೇಳಿದರು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರು ಅದನ್ನು 90ಕ್ಕೆ ಏರಿಸಿ, ಭಾನುವಾರ ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂದು ಕೇಳಿದರು. ಇಷ್ಟು ದುಡಿದರೆ ಒತ್ತಡವಾಗುತ್ತದಲ್ಲ, ಅದಕ್ಕೂ ಎಚ್‌ಆರ್ ಬಳಿ ಮದ್ದಿದೆ: ವೆಲ್‌ನೆಸ್ ಸೆಷನ್, ಶುಕ್ರವಾರ ಸಂಜೆ ಆರೂವರೆಗೆ, ಹಾಜರಿ ಕಡ್ಡಾಯ. ಉಸಿರು ಒಳಗೆ, ಉಸಿರು ಹೊರಗೆ, ಕ್ಯಾಬು ಎಂಟೂವರೆಗೆ. ಒತ್ತಡದ ಸರ್ವೆ ಬಂದರೆ ಮಾತ್ರ ಹುಷಾರಾಗಿರಿ. 2024ರ ಡಿಸೆಂಬರ್‌ನಲ್ಲಿ ನೋಯ್ಡಾದ ಕಂಪನಿಯೊಂದರ ಇಮೇಲ್ ದೇಶವೆಲ್ಲ ಸುತ್ತಿತು: ಸರ್ವೆಯಲ್ಲಿ ಒತ್ತಡವಿದೆ ಅಂದವರನ್ನು ಅವರ ಹಿತಕ್ಕಾಗಿಯೇ ಬೀಳ್ಕೊಡಲಾಗಿದೆ ಅಂತ. ಜನ ಉಗಿದ ಮೇಲೆ ಕಂಪನಿ, ಯಾರನ್ನೂ ತೆಗೆದಿಲ್ಲ, ಒತ್ತಡದ ಬಗ್ಗೆ ಜಾಗೃತಿ ಮೂಡಿಸಲು ಹೀಗೆ ಮಾಡಿದೆವು ಅಂದಿತು. ಕುಚೋದ್ಯವೋ ನಿಜವೋ ತಿಳಿಯದೆ ದೇಶವೇ ನಂಬಿತಲ್ಲ, ಎಚ್‌ಆರ್‌ಗೆ ಸಂದ ಗೌರವ ಅದು.

ಒಂದೇ ಒಂದು ವಿಷಯದಲ್ಲಿ ನಗು ಬರುವುದಿಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಜನ ದುಡಿಯುವ ಜಾಗದಲ್ಲೆಲ್ಲ ಆಂತರಿಕ ಸಮಿತಿ ಇರಬೇಕು. ಗುತ್ತಿಗೆ ಮೇಲೆ ನೆಲ ಒರೆಸುವ ಅಕ್ಕನಿಗೂ ಆ ರಕ್ಷಣೆ ಇದೆ. ದೂರನ್ನು ಬರೆದು ಕೊಡಲಾಗದಿದ್ದರೆ ಬರೆಯಲು ಸಮಿತಿಯವರೇ ನೆರವಾಗಬೇಕು ಎಂದೂ ಕಾಯ್ದೆ ಹೇಳುತ್ತದೆ. ಆ ಅಕ್ಕ ದಿನಾ ಬಟ್ಟೆ ಹಿಡಿದು ಒರೆಸುವ ಫಲಕದ ಮೇಲೆ ಸಮಿತಿಯವರ ಹೆಸರು, ನಂಬರು ಎಲ್ಲ ಇದೆ, ಇಂಗ್ಲಿಷಿನಲ್ಲಿ. ಫಲಕ ಅಂತೂ ಫಳಫಳ ಹೊಳೆಯುತ್ತದೆ.

ನ್ಯಾಯವಾಗಿ ಇದನ್ನೂ ಹೇಳಬೇಕು. ಆ ಗಾಜಿನ ಕೋಣೆಯಲ್ಲಿ ಕೂತ ಎಚ್‌ಆರ್ ಹುಡುಗಿ ರಾಕ್ಷಸಿಯಲ್ಲ. ಧಾರವಾಡದಲ್ಲೋ ಮೈಸೂರಿನಲ್ಲೋ ಎಂಎಸ್‌ಡಬ್ಲ್ಯೂ ಮಾಡಿದವಳು, ಕಾರ್ಮಿಕ ಕಾನೂನನ್ನು ಪರೀಕ್ಷೆಗಾದರೂ ಓದಿದವಳು, ಸಂಜೆ ಅಮ್ಮನ ಜೊತೆ ಫೋನಿನಲ್ಲಿ ಅಪ್ಪಟ ಕನ್ನಡ ಆಡುವವಳು. ನಿಮ್ಮ ರೋಲ್ ಇಂಪ್ಯಾಕ್ಟ್ ಆಗಿದೆ ಎಂದು ಎಪ್ಪತ್ತು ಜನರಿಗೆ ಅವಳು ಕಳಿಸಿದ ಇಮೇಲಿನ ನಕಲು ಎಪ್ಪತ್ತೊಂದನೆಯದಾಗಿ ಅವಳಿಗೂ ಬರುತ್ತದೆ. ಆಗ ಅವಳೂ ಟೀ ಅಂಗಡಿ ಮುಂದೆ ನಿಂತು ಇಂಗ್ಲಿಷ್ ತಿದ್ದಿಸಿಕೊಳ್ಳುತ್ತಾಳೆ.

ಇಷ್ಟೆಲ್ಲ ಹೇಳಿ ಬಿಟ್ಟಿ ಸಲಹೆ ಕೊಡದಿದ್ದರೆ ಲಿಂಕ್ಡ್‌ಇನ್ ಮಂದಿ ನಕ್ಕಾರು. ದೂರನ್ನು ಮೊದಲು ನಿಮ್ಮ ಮಾತಿನಲ್ಲೇ ಬರೆಯಿರಿ: ಯಾರು, ಯಾವತ್ತು, ಯಾರ ಎದುರು, ಏನಂದರು, ಎಮ್ಮೆ ಸಮೇತ. ಇಂಗ್ಲಿಷ್ ಬೇಕೇ ಬೇಕೆಂದರೆ ಆಮೇಲೆ ಮಾಡಿಸಿ, ಎಮ್ಮೆ ಮಾತ್ರ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಿ. ಆಫರ್ ಲೆಟರ್, ಸಂಬಳದ ಚೀಟಿ, ರೇಟಿಂಗು ಮನೆಯಲ್ಲಿರಲಿ, ಕಂಪನಿಯ ಲ್ಯಾಪ್‌ಟಾಪಿನಲ್ಲಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಭವನ ಇದೆ, ಅಲ್ಲಿ ಕನ್ನಡದ ಅರ್ಜಿ ನಡೆಯುತ್ತದೆ. ಅಲ್ಲಿಯ ಫ್ಯಾನು ಕಿರುಗುಟ್ಟಬಹುದು, ಯಾರೂ "ವಿ ಹಿಯರ್ ಯೂ" ಅನ್ನದಿರಬಹುದು, ಅರ್ಜಿಗೆ ನಂಬರಂತೂ ಬೀಳುತ್ತದೆ.

ಕೊನೆಯದಾಗಿ, ಅವರೇ ಟೈಪ್ ಮಾಡಿ ತಂದು ಮುಂದಿಟ್ಟ ರಾಜೀನಾಮೆ ಪತ್ರಕ್ಕೆ ಅದೇ ಮಧ್ಯಾಹ್ನ ಸಹಿ ಹಾಕಬೇಡಿ. ಕಂಪನಿ ತಾನಾಗಿ ಬೇಡವೆಂದು ತೆಗೆದರೆ ವರ್ಷಕ್ಕೆ 15 ದಿನದ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ನೀವಾಗಿ ಬಿಟ್ಟರೆ ಅದರಲ್ಲಿ ಒಂದು ಪೈಸೆಯೂ ಇಲ್ಲ. "ವೈಯಕ್ತಿಕ ಕಾರಣಗಳಿಂದ, ಸ್ವಇಚ್ಛೆಯಿಂದ" ಎಂಬ ಆ ಒಂದು ಸಾಲನ್ನು ಅಷ್ಟು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದಿಟ್ಟಿರುವುದು ಅದಕ್ಕೇ.